ಸೆರಾಮಿಕ್ ಬಾರ್ಬೆಕ್ಯೂವಿನ ಇದ್ದಿಲ ಬೆಂಕಿ ಹತೋಟಿಗೆ ಬಾರದಿದ್ದಾಗ: ದೋಷ ನಿವಾರಣೆ ಕೈಪಿಡಿ

ಮೊಟ್ಟೆಯಾಕಾರದ ಸೆರಾಮಿಕ್ ಬಾರ್ಬೆಕ್ಯೂವಿನಲ್ಲಿ ಬೆಂಕಿಯನ್ನು ಏರಿಸಲಿಕ್ಕೂ ಇಳಿಸಲಿಕ್ಕೂ ನಮ್ಮ ಕೈಯಲ್ಲಿರುವುದು ಗಾಳಿಯೊಂದೇ. ಗ್ಯಾಸ್ ಒಲೆಯ ತಿರುಗುಣಿ ಇಂಧನವನ್ನು ಅಳೆದು ಬಿಡುತ್ತದೆ. ಇಲ್ಲಿ ಇಂಧನವನ್ನೆಲ್ಲ ಮೊದಲೇ ತುಂಬಿಟ್ಟಿರುತ್ತೇವೆ, ಅದರಲ್ಲಿ ಈಗ ಎಷ್ಟು ಉರಿಯಬೇಕು ಎಂಬುದನ್ನು ಒಳಗೆ ಬರುವ ಗಾಳಿ ತೀರ್ಮಾನಿಸುತ್ತದೆ. ಒಂದು ಕಿಲೋ ಇದ್ದಿಲು ಪೂರ್ತಿ ಉರಿಯಲು ಸುಮಾರು 10 ಕಿಲೋ ಗಾಳಿ ಬೇಕು. ಗಾತ್ರದಲ್ಲಿ ಹೇಳುವುದಾದರೆ, ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಒಂದು ಕೋಣೆಯನ್ನು ತುಂಬುವಷ್ಟು. ಅಷ್ಟೂ ಗಾಳಿ ಕೆಳಗಿನ ಸಣ್ಣ ಕಿಂಡಿಯಿಂದ ಒಳಬಂದು, ಬೂದಿಯ ಮೇಲೆ ಹಾದು, ಜಾಲರಿಯ ತೂತುಗಳನ್ನು ದಾಟಿ, ಇದ್ದಿಲ ತುಂಡುಗಳ ಸಂದುಗಳಲ್ಲಿ ನುಸುಳಿ, ನೆತ್ತಿಯ ಕಿಂಡಿಯಿಂದ ಹೊರಹೋಗಬೇಕು. ಈ ದಾರಿಯಲ್ಲಿ ಎಲ್ಲಿ ಅಡಚಣೆಯಾದರೂ, ಅಥವಾ ನಾವು ಬಯಸದ ಕಡೆ ಇನ್ನೊಂದು ದಾರಿ ತೆರೆದುಕೊಂಡರೂ, ಬೆಂಕಿ ನಮ್ಮ ಮಾತು ಕೇಳುವುದಿಲ್ಲ.

ಗಮನದಲ್ಲಿಡಬೇಕಾದ ಇನ್ನೊಂದು ಸಂಗತಿ ಗೋಡೆಯದು. ತೆಳುವಾದ ತಗಡಿನ ಬಾರ್ಬೆಕ್ಯೂ ಬೆಂಕಿಯ ಏರಿಳಿತವನ್ನು ಕೂಡಲೇ ತೋರಿಸುತ್ತದೆ. ದಪ್ಪ ಸೆರಾಮಿಕ್ ಗೋಡೆ ಹಾಗಲ್ಲ. ಅದು ಕಾವನ್ನು ನಿಧಾನವಾಗಿ ಹೀರಿಕೊಂಡು, ಹೀರಿದ್ದನ್ನು ಇನ್ನೂ ನಿಧಾನವಾಗಿ ಬಿಟ್ಟುಕೊಡುತ್ತದೆ. ಆದ್ದರಿಂದ ಈ ಕ್ಷಣ ಥರ್ಮಾಮೀಟರಿನಲ್ಲಿ ಕಾಣುತ್ತಿರುವುದು ಹತ್ತು ಹದಿನೈದು ನಿಮಿಷಗಳ ಹಿಂದೆ ನಾವು ಮಾಡಿದ ಕೆಲಸದ ಫಲವೇ ಹೊರತು ಈಗ ತಾನೆ ಕಿಂಡಿ ತಿರುಗಿಸಿದ್ದರ ಫಲವಲ್ಲ. ಇದನ್ನು ಮರೆತು ಎರಡೆರಡು ನಿಮಿಷಕ್ಕೊಮ್ಮೆ ಕಿಂಡಿಗೆ ಕೈಹಾಕುವವರಿಗೆ ಸುಸ್ಥಿತಿಯಲ್ಲಿರುವ ಬಾರ್ಬೆಕ್ಯೂ ಸಹ ಕೆಟ್ಟುಹೋದಂತೆ ಕಾಣುತ್ತದೆ. ಕಿಂಡಿಯನ್ನು ಒಮ್ಮೆ ಬದಲಿಸಿದ ಮೇಲೆ ಗಡಿಯಾರ ನೋಡಿಕೊಂಡು ಕನಿಷ್ಠ 15 ನಿಮಿಷ ಕಾಯದೆ ಯಾವ ದೋಷವನ್ನೂ ನಿರ್ಧರಿಸಬಾರದು.

ಈ ಕೈಪಿಡಿಯಲ್ಲಿ ಬಳಸಿರುವ ಹೆಸರುಗಳು ಹೀಗಿವೆ. ಇದ್ದಿಲು ತುಂಬುವ ಒಳಗಿನ ಬಟ್ಟಲನ್ನು ಬೆಂಕಿಗೂಡು ಎಂದೂ, ಅದರ ತಳದಲ್ಲಿರುವ ತೂತುಗಳ ತಟ್ಟೆಯನ್ನು ಇದ್ದಿಲ ಜಾಲರಿ ಎಂದೂ, ಬೆಂಕಿಗೂ ಅಡುಗೆಗೂ ನಡುವೆ ಇಡುವ ಸೆರಾಮಿಕ್ ಹಲಗೆಯನ್ನು ತಡೆಗಲ್ಲು ಎಂದೂ ಕರೆದಿದ್ದೇನೆ. ಮುಚ್ಚಳಕ್ಕೂ ಬುಡಕ್ಕೂ ನಡುವೆ ಅಂಟಿಸಿರುವ ಪಟ್ಟಿಗೆ ಗ್ಯಾಸ್ಕೆಟ್ ಎಂಬ ರೂಢಿಯ ಹೆಸರೇ ಇರಲಿ.

ಯಾವ ದೋಷವಿದ್ದರೂ ಮೊದಲು ಕೆಳಗಿನಿಂದ ನೋಡಿ

ಥರ್ಮಾಮೀಟರ್ ಕಣ್ಣಿಗೆ ಎದುರಾಗಿಯೂ ಮೇಲಿನ ಕಿಂಡಿ ಕೈಗೆ ಹತ್ತಿರವಾಗಿಯೂ ಇರುವುದರಿಂದ ಎಲ್ಲರೂ ತಪಾಸಣೆಯನ್ನು ಅಲ್ಲಿಂದಲೇ ಆರಂಭಿಸುತ್ತಾರೆ. ಗಾಳಿ ಹೋಗುವುದು ಕೆಳಗಿನಿಂದ ಮೇಲಕ್ಕೆ. ತಪಾಸಣೆಯೂ ಅದೇ ದಾರಿಯಲ್ಲಿ ನಡೆಯಬೇಕು. ಕೆಳಗಿನ ಕಿಂಡಿಯ ಬಾಗಿಲು ಸಲೀಸಾಗಿ ಸರಿಯುತ್ತದೆಯೇ, ಅದರ ಹಿಂದೆ ಬೂದಿ ಗುಡ್ಡೆಯಾಗಿ ನಿಂತಿದೆಯೇ, ಬೆಂಕಿಗೂಡಿನ ಮುಂಭಾಗದ ತೆರವು ಈ ಕಿಂಡಿಗೆ ನೇರವಾಗಿ ಕೂತಿದೆಯೇ, ಜಾಲರಿಯ ತೂತುಗಳು ತೆರೆದಿವೆಯೇ, ಇದ್ದಿಲ ತುಂಡುಗಳ ನಡುವೆ ಸಂದು ಇದೆಯೇ, ತಡೆಗಲ್ಲಿನ ಅಂಚು ಮತ್ತು ಗೋಡೆಯ ನಡುವೆ ಸಾಕಷ್ಟು ಜಾಗ ಉಳಿದಿದೆಯೇ, ಕೊನೆಗೆ ಮೇಲಿನ ಕಿಂಡಿ ಜಿಡ್ಡುಗಟ್ಟಿ ಅರ್ಧಕ್ಕೇ ನಿಂತಿದೆಯೇ ಎಂದು ಇದೇ ಕ್ರಮದಲ್ಲಿ ನೋಡುತ್ತ ಹೋದರೆ, ದೋಷ ಬಹಳ ಸಲ ಅರ್ಧ ದಾರಿಯಲ್ಲೇ ಸಿಕ್ಕಿಬಿಡುತ್ತದೆ.

ಬೆಂಕಿ ಉರಿಯುತ್ತಿರುವಾಗಲೇ ಮಾಡಬಹುದಾದ ಒಂದು ಪರೀಕ್ಷೆ ನನಗೆ ಬಹಳ ಉಪಯೋಗಕ್ಕೆ ಬಂದಿದೆ. ಸಂಜೆಯ ಮಬ್ಬಿನಲ್ಲಿ ಅಥವಾ ಕೈ ಅಡ್ಡ ಹಿಡಿದು ನೆರಳು ಮಾಡಿಕೊಂಡು, ತುಸು ದೂರದಿಂದ ಬಗ್ಗಿ ಕೆಳಗಿನ ಕಿಂಡಿಯ ಮೂಲಕ ಒಳಗೆ ನೋಡಿ. ಜಾಲರಿ ತೆರೆದಿದ್ದು ಕೆಂಡ ತಳದವರೆಗೆ ಇಳಿದಿದ್ದರೆ ತಳದ ಬೂದಿಯ ಮೇಲೆ ಕಿತ್ತಳೆ ಬಣ್ಣದ ಬೆಳಕಿನ ಬೊಟ್ಟುಗಳು ಬಿದ್ದಿರುತ್ತವೆ. ಬೆಂಕಿ ಹೊತ್ತಿಸಿ ಒಂದು ಗಂಟೆಯಾದ ಮೇಲೂ, ಎರಡೂ ಕಿಂಡಿಗಳು ಪೂರ್ತಿ ತೆರೆದಿದ್ದರೂ, ಅಲ್ಲಿ ಕತ್ತಲೆಯೇ ಕಾಣುತ್ತಿದ್ದರೆ ತೂತುಗಳು ಮುಚ್ಚಿಹೋಗಿವೆ ಅಥವಾ ಕೆಂಡ ಮೇಲ್ಪದರದಲ್ಲೇ ನಿಂತಿದೆ ಎಂದು ಧೈರ್ಯವಾಗಿ ಹೇಳಬಹುದು.

ಬೆಂಕಿ ಹೊತ್ತಿಕೊಳ್ಳುವುದೇ ಇಲ್ಲ

ಮೇಣ ಮತ್ತು ಮರದ ಹೊಟ್ಟಿನಿಂದ ಮಾಡಿದ ಹೊತ್ತಿಸುವ ಬಿಲ್ಲೆ ಪೂರ್ತಿ ಉರಿದು ಮುಗಿದರೂ ಸುತ್ತಲಿನ ಇದ್ದಿಲು ಕಪ್ಪಾಗಿಯೇ ಉಳಿದರೆ ಮೊದಲು ಅನುಮಾನಿಸಬೇಕಾದದ್ದು ತೇವವನ್ನು. ಇದ್ದಿಲಿನ ಮೈತುಂಬ ಸೂಕ್ಷ್ಮ ರಂಧ್ರಗಳಿರುವುದರಿಂದ ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಬಾಯಿ ಬಿಚ್ಚಿಟ್ಟ ಚೀಲ ಮಳೆಯಲ್ಲಿ ನೆನೆಯಬೇಕೆಂದೇನೂ ಇಲ್ಲ. ಎರಡು ತುಂಡುಗಳನ್ನು ಒಂದಕ್ಕೊಂದು ತಟ್ಟಿ ನೋಡಿ. ಚೆನ್ನಾಗಿ ಸುಟ್ಟು ಒಣಗಿದ ಇದ್ದಿಲು ಮಣ್ಣಿನ ಬಿಲ್ಲೆಗಳನ್ನು ತಾಕಿಸಿದಂತೆ ಠಣ್ ಎನ್ನುತ್ತದೆ; ತೇವ ಹಿಡಿದದ್ದು ಒದ್ದೆ ಮರದಂತೆ ಮಂಕಾದ ಸದ್ದು ಮಾಡುತ್ತದೆ. ಹೊತ್ತಿಸುವಾಗ ಚಟಪಟ ಸಿಡಿಯುವುದು ಸಹ ಹಲವು ಸಲ ತೇವದ ಗುರುತೇ. ಅಂಥ ಇದ್ದಿಲನ್ನು ಬಿಸಿಲಿನಲ್ಲಿ ತೆಳುವಾಗಿ ಹರಡಿ ಒಣಗಿಸಿ, ಮುಚ್ಚಳ ಬಿಗಿಯಾದ ಡಬ್ಬದಲ್ಲಿಟ್ಟರೆ ಮತ್ತೆ ಬಳಸಬಹುದು. ಬಹಳ ದಿನ ಬಳಸದೆ ನಿಂತ ಬಾರ್ಬೆಕ್ಯೂವಿನ ಗೋಡೆಯೂ ತೇವ ಹಿಡಿದಿರುತ್ತದೆ. ಆಗ ಮೊದಲ ಅರ್ಧ ಗಂಟೆ ಬೆಂಕಿಯ ಶಕ್ತಿಯ ಒಂದು ಭಾಗ ಆ ನೀರನ್ನು ಹಬೆ ಮಾಡುವುದರಲ್ಲೇ ಹೋಗುತ್ತದೆ.

ಇದ್ದಿಲು ಒಣಗಿದ್ದರೂ ಹೊತ್ತದಿದ್ದರೆ ಜೋಡಣೆಯನ್ನು ನೋಡಬೇಕು. ಬಿಲ್ಲೆಯನ್ನು ರಾಶಿಯ ಮೇಲೆ ಸುಮ್ಮನೆ ಇಟ್ಟರೆ ಜ್ವಾಲೆಯ ಶಾಖವೆಲ್ಲ ಮೇಲಕ್ಕೆ ಹೋಗುತ್ತದೆ, ಇದ್ದಿಲಿಗೆ ತಾಕುವುದೇ ಇಲ್ಲ. ರಾಶಿಯ ನಡುವೆ ಮೂರು ನಾಲ್ಕು ಸೆಂಟಿಮೀಟರ್ ಆಳದ ಗುಳಿ ಮಾಡಿ, ಬಿಲ್ಲೆಯನ್ನು ಅದರಲ್ಲಿ ಕೂರಿಸಿ, ಹೊತ್ತಿಕೊಂಡ ಮೇಲೆ ಬೆರಳುದ್ದದ ಸಣ್ಣ ತುಂಡುಗಳನ್ನು ಗೂಡಿನಂತೆ ಸುತ್ತ ಒರಗಿಸಬೇಕು. ಜ್ವಾಲೆಗೆ ಉಸಿರಾಡಲು ಸಂದು ಇರಲಿ. ಕೆಳಗಿನ ಕಿಂಡಿ ಪೂರ್ತಿ ತೆರೆದಿರಬೇಕು, ಮುಚ್ಚಳವೂ ತೆರೆದಿರಬೇಕು; ಎಂಟು ಹತ್ತು ನಿಮಿಷದಲ್ಲಿ ಮುಷ್ಟಿಯಷ್ಟು ಜಾಗ ಅಂಚಿನಲ್ಲಿ ಬೂದುಬಣ್ಣಕ್ಕೆ ತಿರುಗಿ ನಡುವೆ ಕೆಂಪಾಗುತ್ತದೆ. ಅಲ್ಲಿಗೆ ಮುಚ್ಚಳ ಹಾಕಬಹುದು. ಸಣ್ಣ ಉರಿಯ ದೀರ್ಘ ಅಡುಗೆಗೆ ಇಂಥ ಒಂದೇ ಕೇಂದ್ರ ಸಾಕು. 300 ಡಿಗ್ರಿ ಸೆಲ್ಸಿಯಸ್ ದಾಟಬೇಕೆಂದಿದ್ದರೆ ಮೂರು ಕಡೆ ಹೊತ್ತಿಸುವುದು ಒಳ್ಳೆಯದು.

ಹೊತ್ತದ ಬೆಂಕಿಗೆ ಸೀಮೆಎಣ್ಣೆಯನ್ನಾಗಲಿ ಹೊತ್ತಿಸುವ ದ್ರವವನ್ನಾಗಲಿ ಸುರಿಯಬೇಡಿ ಎಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಒಳಗೆಲ್ಲೋ ಕೆಂಡ ಜೀವಂತವಾಗಿದ್ದರೆ ಸುರಿದ ದ್ರವ ಆವಿಯಾಗಿ ಒಮ್ಮೆಲೇ ಭಗ್ಗೆಂದು ಮುಖಕ್ಕೆ ಹೊತ್ತಿಕೊಳ್ಳುತ್ತದೆ. ಅದು ತಪ್ಪಿದರೂ, ಒಳಗಿನ ಸೆರಾಮಿಕ್‌ಗೆ ಹೊಳಪಿನ ಲೇಪವಿಲ್ಲದ್ದರಿಂದ ಅದು ಎಣ್ಣೆಯನ್ನು ಹೀರಿಕೊಂಡು ಮುಂದಿನ ಎಷ್ಟೋ ಅಡುಗೆಗಳಿಗೆ ಅದೇ ವಾಸನೆ ಕೊಡುತ್ತದೆ.

ಹೊತ್ತಿದ ಬೆಂಕಿ ಒಂದು ಮಟ್ಟದಿಂದ ಮೇಲೇರುವುದಿಲ್ಲ

ಎಲ್ಲ ದೋಷಗಳಲ್ಲಿ ಇದೇ ಹೆಚ್ಚು ಸಾಮಾನ್ಯವಾದದ್ದು, ತಪ್ಪು ಕಾರಣ ಹೇಳುವುದಕ್ಕೆ ಅವಕಾಶ ಹೆಚ್ಚಿರುವುದೂ ಇದರಲ್ಲೇ. ನನ್ನ ಬಾರ್ಬೆಕ್ಯೂ ಒಂದು ದಿನ 160 ಡಿಗ್ರಿಯಲ್ಲಿ ನಿಂತುಬಿಟ್ಟಿತು. ಎರಡೂ ಕಿಂಡಿಗಳು ಪೂರ್ತಿ ತೆರೆದಿದ್ದವು, ಇದ್ದಿಲು ಹೊಸ ಚೀಲದ್ದು, ಹೊತ್ತಿಸಿ ಮುಕ್ಕಾಲು ಗಂಟೆಯಾಗಿತ್ತು. ಮುಚ್ಚಳ ತೆರೆದರೆ ಉರಿ ಜೋರಾಗುತ್ತದೆ, ಮುಚ್ಚಿದರೆ ಮತ್ತೆ ಕುಗ್ಗುತ್ತದೆ. ಇದ್ದಿಲಿನ ಗುಣವೇ ಸರಿಯಿಲ್ಲವೆಂದು ನಿರ್ಧರಿಸಿ ಅದರ ಮೇಲೆ ಇನ್ನೊಂದು ಚೀಲದ ಇದ್ದಿಲು ಹಾಕಿದೆ. ಪರಿಸ್ಥಿತಿ ಇನ್ನೂ ಹದಗೆಟ್ಟಿತು. ಮರುದಿನ ತಣ್ಣಗಾದ ಮೇಲೆ ಎಲ್ಲವನ್ನೂ ಕೈಯಿಂದ ಎತ್ತಿ ತೆಗೆದು ಜಾಲರಿಯನ್ನು ಬೆಳಕಿಗೆ ಹಿಡಿದಾಗ ಕಾರಣ ಕಣ್ಣೆದುರಿಗಿತ್ತು. ಒಂದೊಂದು ತೂತಿನಲ್ಲೂ ಬಟಾಣಿ ಗಾತ್ರದ ಇದ್ದಿಲ ಚೂರೊಂದು ಬಿರಟೆ ಹಾಕಿದಂತೆ ಬಿಗಿಯಾಗಿ ಕೂತಿತ್ತು, ಅದರ ಸುತ್ತ ಉಳಿದಿದ್ದ ಸಂದನ್ನು ನುಣ್ಣನೆಯ ಬೂದಿ ಮೆತ್ತಿ ಮುಚ್ಚಿತ್ತು. ತೆರೆದಿದ್ದ ತೂತುಗಳು ನಾಲ್ಕೇ ನಾಲ್ಕು. ಚೀಲದ ತಳದ ಪುಡಿಯನ್ನೆಲ್ಲ ನಾನು ಹಿಂದಿನ ಸಲ ಹಾಗೇ ಸುರಿದಿದ್ದೆ.

ಮುಚ್ಚಳ ತೆರೆದಾಗ ಉರಿ ಜೋರಾಗಿ ಮುಚ್ಚಿದಾಗ ಕುಗ್ಗುವುದೇ ಈ ದೋಷದ ಮುಖ್ಯ ಲಕ್ಷಣ. ತೆರೆದಾಗ ಬೆಂಕಿಗೆ ಮೇಲಿನಿಂದಲೇ ಗಾಳಿ ಸಿಗುತ್ತದೆ. ಮುಚ್ಚಿದಾಗ ಅದು ಜಾಲರಿಯ ದಾರಿಯನ್ನೇ ನಂಬಬೇಕು. ಹೀಗಾಗಿ ಇದ್ದಿಲು ಚೆನ್ನಾಗಿದೆ, ಕೆಳಗಿನ ದಾರಿ ಕಟ್ಟಿದೆ ಎಂದು ಆ ಒಂದು ಲಕ್ಷಣದಿಂದಲೇ ತಿಳಿಯುತ್ತದೆ. ತಕ್ಷಣದ ಪರಿಹಾರವೆಂದರೆ, ತುದಿಯನ್ನು ಲಂಬಕೋನವಾಗಿ ಬಗ್ಗಿಸಿದ ಗಟ್ಟಿ ತಂತಿಯನ್ನು ಕೆಳಗಿನ ಕಿಂಡಿಯಿಂದ ಒಳಗೆ ಹಾಕಿ, ತೂತುಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಚುಚ್ಚುವುದು. ಕೆಂಡದ ಚೂರುಗಳು ಉದುರುವುದರಿಂದ ಶಾಖ ತಡೆಯುವ ಕೈಗವಸು ಕಡ್ಡಾಯ. ಚುಚ್ಚಿದ ಐದು ಹತ್ತು ನಿಮಿಷಗಳಲ್ಲಿ ಮುಳ್ಳು ಏರತೊಡಗಿದರೆ ರೋಗವನ್ನು ಸರಿಯಾಗಿಯೇ ಗುರುತಿಸಿದ್ದೀರಿ.

ಶಾಶ್ವತ ಪರಿಹಾರ ಇದ್ದಿಲು ತುಂಬುವ ರೀತಿಯಲ್ಲಿದೆ. ಪ್ರತಿ ಸಲವೂ ಹಳೆಯ ಇದ್ದಿಲನ್ನು ಚೆನ್ನಾಗಿ ಕದಡಿ, ಬೂದಿ ಮತ್ತು ಪುಡಿಯೆಲ್ಲ ಜಾಲರಿಯಿಂದ ಕೆಳಗೆ ಉದುರುವಂತೆ ಮಾಡಿ, ಬೂದಿಯನ್ನು ಕಿಂಡಿಯ ಮೂಲಕ ಎಳೆದು ಹೊರಹಾಕಬೇಕು. ದೀರ್ಘ ಅಡುಗೆಯಿದ್ದರೆ ಎಲ್ಲವನ್ನೂ ಹೊರತೆಗೆದು ಜಾಲರಿಯನ್ನೇ ಎತ್ತಿ ನೋಡುವುದು ಲೇಸು. ಮುಷ್ಟಿಗಾತ್ರದ ದೊಡ್ಡ ತುಂಡುಗಳನ್ನು ತೂತುಗಳ ಮೇಲೆ ಕೈಯಿಂದ ಜೋಡಿಸಿ, ಅದರ ಮೇಲೆ ಮಧ್ಯಮ ಗಾತ್ರದವನ್ನು ಹಾಕಿ, ಹಿಂದಿನ ಸಲದ ಅರೆಬೆಂದ ಸಣ್ಣ ತುಂಡುಗಳನ್ನು ಎಲ್ಲಕ್ಕಿಂತ ಮೇಲೆ ಇಡಬೇಕು. ಅವು ಬೇಗ ಹೊತ್ತಿಕೊಳ್ಳುವುದರಿಂದ ಅವುಗಳ ಜಾಗ ಅದೇ. ಚೀಲದ ತಳದ ಪುಡಿ ಬೆಂಕಿಗೂಡಿಗೆ ಬೀಳಲೇಬಾರದು. ಒತ್ತಿ ಮಾಡಿದ ಇದ್ದಿಲ ಉಂಡೆಗಳು ಅಂಟುಪದಾರ್ಥದ ಕಾರಣದಿಂದ ಮರದ ಇದ್ದಿಲಿಗಿಂತ ಬಹಳ ಹೆಚ್ಚು ಬೂದಿ ಬಿಡುತ್ತವೆ. ಕಿರಿದಾದ ಗಾಳಿದಾರಿಯನ್ನೇ ನಂಬಿರುವ ಈ ಸಾಧನಕ್ಕೆ ಅವು ಹೊಂದುವುದಿಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

ತೂತುಗಳೆಲ್ಲ ಶುಚಿಯಾಗಿದ್ದೂ ಬೆಂಕಿ ಏರದಿದ್ದರೆ ಉಳಿಯುವ ಕಾರಣಗಳು ಕೆಲವೇ. ಶುಚಿಗೊಳಿಸಿ ಮರಳಿ ಇಡುವಾಗ ಬೆಂಕಿಗೂಡು ತಿರುಗಿ ಕೂತು ಅದರ ತೆರವು ಕಿಂಡಿಯಿಂದ ಪಕ್ಕಕ್ಕೆ ಸರಿದಿರಬಹುದು. ಇದ್ದಿಲನ್ನು ತೀರ ಕಡಿಮೆ ಹಾಕಿರಬಹುದು. ಹೆಚ್ಚು ಬಿಸಿಗೆ ಬೆಂಕಿಗೂಡು ತುಂಬಿರಬೇಕು, ಕಡಿಮೆ ಬಿಸಿಗೂ ತುಂಬಿರಬಹುದು, ಏಕೆಂದರೆ ಉಳಿದ ಇದ್ದಿಲು ಮುಂದಿನ ಸಲಕ್ಕೆ ಸಿಗುತ್ತದೆ. ಅಗಲವಾದ ಪಾತ್ರೆಯನ್ನು ಇಟ್ಟು ಬಿಸಿಗಾಳಿ ಮೇಲೇರುವ ಸಂದನ್ನೇ ಮುಚ್ಚಿರಬಹುದು.

ಬೇಕಾದದ್ದಕ್ಕಿಂತ ಮೇಲೆ ಹೋದ ಬಿಸಿ ಕೆಳಗಿಳಿಯುವುದಿಲ್ಲ

ಇಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ಬಿಸಿ ಎಷ್ಟು ಹೊತ್ತಿನಿಂದ ಮೇಲಿದೆ ಎಂಬುದು. ಹೊತ್ತಿಸಿದ ಮೊದಲ ಇಪ್ಪತ್ತು ನಿಮಿಷಗಳಲ್ಲಿ 110 ಡಿಗ್ರಿಯ ಗುರಿ ಮೀರಿ 150ಕ್ಕೆ ಹೋಗಿದ್ದರೆ ಬಿಸಿಯಾಗಿರುವುದು ಒಳಗಿನ ಗಾಳಿ ಮಾತ್ರ. ಗೋಡೆ ಇನ್ನೂ ತಣ್ಣಗಿದೆ. ಎರಡೂ ಕಿಂಡಿಗಳನ್ನು ಸಣ್ಣ ಸೀಳಿನಷ್ಟು ಮಾಡಿದರೆ ಅದು ಬೇಗ ಇಳಿಯುತ್ತದೆ. ಒಂದು ಗಂಟೆ ಕಾಲ 180 ಡಿಗ್ರಿಯಲ್ಲಿ ನಿಂತಿದ್ದರೆ ಗೋಡೆಯೂ ತಡೆಗಲ್ಲೂ ಆ ಕಾವನ್ನು ಕುಡಿದಿರುತ್ತವೆ, ಆಗ ಬೆಂಕಿಯನ್ನು ಎಷ್ಟೇ ಕುಗ್ಗಿಸಿದರೂ 110ಕ್ಕೆ ಮರಳಲು ಗಂಟೆಯೋ ಅದಕ್ಕಿಂತ ಹೆಚ್ಚೋ ಹಿಡಿಯುತ್ತದೆ. ಇದು ದೋಷವಲ್ಲ, ಈ ಸಾಧನದ ಸ್ವಭಾವ. ಕಾವನ್ನು ಹಿಡಿದಿಟ್ಟುಕೊಳ್ಳಲೆಂದೇ ಆ ಗೋಡೆಯಿದೆ.

ಆದ್ದರಿಂದ ಪರಿಹಾರ ಏರುವ ಹಂತದಲ್ಲೇ ಇದೆ. ಗುರಿ ಇನ್ನೂ 25-30 ಡಿಗ್ರಿ ದೂರದಲ್ಲಿರುವಾಗಲೇ ಕಿಂಡಿಗಳನ್ನು ಕಿರಿದುಗೊಳಿಸತೊಡಗಿ, ಕೊನೆಯ ಭಾಗವನ್ನು ನಿಧಾನವಾಗಿ ಏರಲು ಬಿಡಬೇಕು. 110 ಡಿಗ್ರಿಯ ಅಡುಗೆಗೆ ಸಾಮಾನ್ಯವಾಗಿ ಕೆಳಗಿನ ಕಿಂಡಿ ಒಂದು ಬೆರಳ ಅಗಲಕ್ಕಿಂತ ಹೆಚ್ಚು ತೆರೆದಿರಬೇಕಾಗಿಲ್ಲ, ಮೇಲಿನದು ಬರಿಯ ಸೀಳು. ನಿಖರವಾದ ಅಳತೆ ಬಾರ್ಬೆಕ್ಯೂವಿನ ಗಾತ್ರಕ್ಕೂ ಇದ್ದಿಲಿಗೂ ತಕ್ಕಂತೆ ಬದಲಾಗುವುದರಿಂದ, ಬಿಸಿ ಸ್ಥಿರವಾಗಿ ನಿಂತ ಪ್ರತಿ ಸಲವೂ ಕಿಂಡಿಗಳು ಎಲ್ಲಿದ್ದವೆಂದು ಬರೆದಿಟ್ಟುಕೊಳ್ಳಿ. ನಾಲ್ಕೈದು ಅಡುಗೆಗಳ ಟಿಪ್ಪಣಿ ಯಾವ ಕೈಪಿಡಿಗಿಂತಲೂ ನಿಮ್ಮ ಸಾಧನಕ್ಕೆ ಸರಿಹೊಂದುತ್ತದೆ.

ಮೀರಿದ ಬಿಸಿಯನ್ನು ಇಳಿಸಲು ಮುಚ್ಚಳ ತೆರೆಯುವುದು ಸಹಜವಾಗಿ ತೋಚುವ ಉಪಾಯ, ಆದರೆ ಫಲ ತದ್ವಿರುದ್ಧ. ಮುಳ್ಳು ಒಂದು ಕ್ಷಣ ಇಳಿದಂತೆ ಕಾಣುತ್ತದೆ. ಅಷ್ಟರಲ್ಲಿ ಹಸಿದ ಕೆಂಡಗಳಿಗೆ ಧಾರಾಳವಾಗಿ ಗಾಳಿ ಸಿಕ್ಕು ಬೆಂಕಿ ಇನ್ನಷ್ಟು ಅಗಲಕ್ಕೆ ಹಬ್ಬಿರುತ್ತದೆ. ನೀರು ಚಿಮುಕಿಸುವುದಂತೂ ಸಲ್ಲದು: ಹಬೆ ಮತ್ತು ಬೂದಿ ಮುಖಕ್ಕೆ ಹಾರುವುದಷ್ಟೇ ಅಲ್ಲ, ಕಾದ ಸೆರಾಮಿಕ್ ಬಿರುಕು ಬಿಡುತ್ತದೆ.

ಕಿಂಡಿಗಳನ್ನು ಮುಕ್ಕಾಲು ಗಂಟೆ ಬಹುತೇಕ ಮುಚ್ಚಿಟ್ಟರೂ ಬಿಸಿ ಇಳಿಯುವ ಬದಲು ನಿಧಾನವಾಗಿ ಏರುತ್ತಲೇ ಇದ್ದರೆ ಮಾತ್ರ ಗಾಳಿ ಕದ್ದು ನುಗ್ಗುತ್ತಿದೆ ಎಂದರ್ಥ. ಬೀಸುಗಾಳಿಯಿರುವ ದಿನ ಕೆಳಗಿನ ಕಿಂಡಿ ಗಾಳಿಗೆ ಎದುರಾಗಿದ್ದರೆ ಅದು ತಿದಿ ಒತ್ತಿದಂತೆಯೇ. ಮೊದಲು ಬಾರ್ಬೆಕ್ಯೂವಿನ ದಿಕ್ಕು ಬದಲಿಸಿ ಅಥವಾ ಅಡ್ಡ ಹಲಗೆ ನಿಲ್ಲಿಸಿ ನೋಡಿ. ಆಮೇಲೆ ಸೋರಿಕೆಯ ಪರೀಕ್ಷೆ.

ಸೋರಿಕೆ: ಮುಚ್ಚಿದರೂ ಆರದ ಬೆಂಕಿ

ಅಡುಗೆ ಮುಗಿಸಿ ಎರಡೂ ಕಿಂಡಿಗಳನ್ನು ಪೂರ್ತಿ ಮುಚ್ಚಿದ ಬಾರ್ಬೆಕ್ಯೂವಿನಲ್ಲಿ ಬೆಂಕಿ ಉಸಿರುಗಟ್ಟಿ ಆರಬೇಕು, ಮರುದಿನ ಬೆಳಿಗ್ಗೆ ಕಪ್ಪು ಇದ್ದಿಲು ಉಳಿದಿರಬೇಕು. ತುಂಬಿಟ್ಟದ್ದೆಲ್ಲ ಬೆಳಗಾಗುವಷ್ಟರಲ್ಲಿ ಬೂದಿಯಾಗಿದ್ದರೆ ಸೋರಿಕೆಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಜಾಗ ಪತ್ತೆಮಾಡಲು, ಸಣ್ಣ ಬೆಂಕಿಯ ಮೇಲೆ ಒಂದು ಹಿಡಿ ಮರದ ಚಕ್ಕೆ ಹಾಕಿ ಹೊಗೆ ಎದ್ದ ಕೂಡಲೇ ಮುಚ್ಚಳವನ್ನೂ ಎರಡೂ ಕಿಂಡಿಗಳನ್ನೂ ಮುಚ್ಚಿ ಸುತ್ತ ಒಂದು ಪ್ರದಕ್ಷಿಣೆ ಬನ್ನಿ. ಹೊಗೆಯ ಎಳೆ ಎಲ್ಲಿ ಹೊರಬರುತ್ತದೆಯೋ ಅಲ್ಲೇ ಸಂದು ಇದೆ. ಈ ಪರೀಕ್ಷೆಯ ನಂತರ ಮುಚ್ಚಳವನ್ನು ಥಟ್ಟನೆ ತೆರೆಯಬಾರದು, ಅದರ ಕಾರಣ ಮುಂದೆ ಬರುತ್ತದೆ.

ಗ್ಯಾಸ್ಕೆಟ್ ಪರೀಕ್ಷೆಗೆ ತಣ್ಣಗಿರುವಾಗ ಒಂದು ಕಾಗದದ ಪಟ್ಟಿ ಸಾಕು. ಅದನ್ನು ಅಂಚಿನ ಮೇಲಿಟ್ಟು ಮುಚ್ಚಳ ಹಾಕಿ ಎಳೆಯಿರಿ. ಸುತ್ತಲೂ ಎಲ್ಲ ಕಡೆ ಒಂದೇ ತೆರನ ಬಿಗಿ ಸಿಗಬೇಕು. ಯಾವ ಕಡೆ ಸರಕ್ಕನೆ ಜಾರಿ ಬರುತ್ತದೆಯೋ ಅಲ್ಲಿ ಗ್ಯಾಸ್ಕೆಟ್ ಸುಟ್ಟು ಚಪ್ಪಟೆಯಾಗಿದೆ, ಇಲ್ಲವೇ ಮುಚ್ಚಳ ಓರೆಯಾಗಿದೆ. ಮುಚ್ಚಳವನ್ನೂ ಬುಡವನ್ನೂ ಹಿಡಿದಿರುವ ಲೋಹದ ಪಟ್ಟಿಗಳು ಸಡಿಲವಾಗಿದ್ದರೆ ಮುಚ್ಚಳ ಓರೆಯಾಗುವುದಷ್ಟೇ ಅಲ್ಲ, ಎತ್ತುವಾಗ ಜಾರಿ ಬೀಳಲೂ ಬಹುದು. ಆ ತಿರುಪುಗಳನ್ನು ಆಗಾಗ ಪರೀಕ್ಷಿಸಿ ಬಿಗಿ ಮಾಡಬೇಕು. ಹೊಸ ಬಾರ್ಬೆಕ್ಯೂವನ್ನು ಮೊದಲ ಕೆಲವು ಸಲ ಮಧ್ಯಮ ಬಿಸಿಯಲ್ಲೇ ಬಳಸಬೇಕೆನ್ನುವುದಕ್ಕೆ ಕಾರಣ ಗ್ಯಾಸ್ಕೆಟ್ಟಿನ ಅಂಟು ಹದಕ್ಕೆ ಬರಬೇಕೆಂಬುದೇ. ಕೆಳಗಿನ ಕಿಂಡಿಯ ಬಾಗಿಲು ಪೂರ್ತಿ ಮುಚ್ಚಿಕೊಳ್ಳದಿರುವುದಕ್ಕೆ ಹಳಿಯಲ್ಲಿ ಸಿಕ್ಕಿಕೊಂಡ ಒಂದು ಚೂರು ಇದ್ದಿಲೇ ಸಾಕು.

ನಡುವೆ ಕುಸಿಯುವ ಬಿಸಿ

ಮಾಂಸವನ್ನು ಇಟ್ಟ ಮೊದಲ ಅರ್ಧ ಗಂಟೆಯಲ್ಲಿ ಮುಳ್ಳು ಇಳಿಯುವುದು ತಣ್ಣನೆಯ ಪದಾರ್ಥವೂ ತಡೆಗಲ್ಲೂ ಕಾವು ಹೀರುತ್ತಿರುವುದರಿಂದ. ಕಿಂಡಿಗಳು ಮೊದಲೇ ಸರಿಯಾಗಿದ್ದರೆ ಮುಟ್ಟಬೇಡಿ. ಬಿಸಿ ತಾನಾಗಿಯೇ ಮರಳುತ್ತದೆ. ಈ ಹೊತ್ತಿನಲ್ಲಿ ಗಾಬರಿಯಾಗಿ ಕಿಂಡಿ ಅಗಲಿಸಿದವರೇ ಒಂದು ಗಂಟೆಯ ನಂತರ ಮೀರಿದ ಬಿಸಿಯೊಂದಿಗೆ ಹೆಣಗಾಡುತ್ತಾರೆ.

ನಾಲ್ಕೈದು ಗಂಟೆ ಸ್ಥಿರವಾಗಿದ್ದು ಆಮೇಲೆ ಇಳಿಯತೊಡಗುವುದು ಬೇರೆಯೇ ಸಂಗತಿ. ಒಂದು ಕೇಂದ್ರದಲ್ಲಿ ಹೊತ್ತಿಸಿದ ಬೆಂಕಿ ಕೆಲವೊಮ್ಮೆ ಅಕ್ಕಪಕ್ಕಕ್ಕೆ ಹಬ್ಬದೆ ನೇರ ಕೆಳಗೆ ಕೊರೆಯುತ್ತ ಜಾಲರಿಯವರೆಗೆ ಇಳಿಯುತ್ತದೆ. ನಡುವೆ ಬಾವಿಯಂಥ ಪೊಳ್ಳು, ಸುತ್ತ ಇನ್ನೂ ಹೊತ್ತದ ಇದ್ದಿಲಿನ ಗೋಡೆ. ಗಾಳಿ ಸುಲಭದ ದಾರಿ ಹಿಡಿದು ಆ ಬಾವಿಯ ಮೂಲಕವೇ ಮೇಲೆ ಹೋಗುವುದರಿಂದ ಇಂಧನ ಬೇಕಾದಷ್ಟಿದ್ದರೂ ಬೆಂಕಿ ಸೊರಗುತ್ತದೆ. ದೊಡ್ಡ ತುಂಡುಗಳು ಒಂದಕ್ಕೊಂದು ಕಮಾನಿನಂತೆ ಆತುಕೊಂಡು ಕೆಳಗೆ ಜಾರದೆ ನಿಂತಾಗಲೂ ಹೀಗೆಯೇ ಆಗುತ್ತದೆ. ಮೊದಲು ಕೆಳಗಿನ ಕಿಂಡಿಯಿಂದ ತಂತಿ ಹಾಕಿ ಅಲುಗಿಸಿ. ಹಲವು ಸಲ ಅಷ್ಟರಿಂದಲೇ ಮೇಲಿನ ಇದ್ದಿಲು ಕುಸಿದು ಕೆಂಡದ ಮೇಲೆ ಬೀಳುತ್ತದೆ. ಅದಾಗದಿದ್ದರೆ ಅಡುಗೆಯನ್ನೂ ತಡೆಗಲ್ಲನ್ನೂ ಎತ್ತಿ ಪಕ್ಕದ ಇದ್ದಿಲನ್ನು ಕಡ್ಡಿಯಿಂದ ನಡುವಿಗೆ ತಳ್ಳಬೇಕಾಗುತ್ತದೆ. ಕಾದ ತಡೆಗಲ್ಲನ್ನು ಎಲ್ಲಿಡಬೇಕೆಂದು ಎತ್ತುವ ಮೊದಲೇ ನಿರ್ಧರಿಸಿ, ತಣ್ಣನೆಯ ಒದ್ದೆ ನೆಲ ಅದಕ್ಕೆ ತಕ್ಕ ಜಾಗವಲ್ಲ.

ಹೊಗೆಯ ಬಣ್ಣ ಮತ್ತು ಕಹಿ

ಹೊತ್ತಿಸಿದ ಹೊಸದರಲ್ಲಿ ಏಳುವ ದಟ್ಟ ಬಿಳಿ ಹೊಗೆಯಲ್ಲಿ ನೀರಾವಿಯ ಜೊತೆ ಪೂರ್ತಿ ಸುಡದ ಡಾಂಬರಿನಂಥ ಪದಾರ್ಥಗಳಿರುತ್ತವೆ. ಆ ಹೊಗೆಯಲ್ಲಿ ಪದಾರ್ಥವನ್ನಿಟ್ಟರೆ ಕಹಿಯೂ ಘಾಟೂ ಮೈಗೆ ಹತ್ತಿ ಮತ್ತೆ ಹೋಗುವುದಿಲ್ಲ. ಹೊಗೆ ತೆಳುವಾಗಿ ನೀಲಿ ಛಾಯೆಗೆ ತಿರುಗುವವರೆಗೆ, ಅಂದರೆ ಸಾಮಾನ್ಯವಾಗಿ ಇಪ್ಪತ್ತರಿಂದ ನಲವತ್ತು ನಿಮಿಷ ಕಾಯಬೇಕು. ಅದಕ್ಕಿಂತ ಹೆಚ್ಚು ಹೊತ್ತು ಬಿಳಿ ಹೊಗೆ ನಿಲ್ಲದಿದ್ದರೆ ಇದ್ದಿಲು ತೇವವಾಗಿದೆ ಅಥವಾ ಸರಿಯಾಗಿ ಸುಟ್ಟಿಲ್ಲ. ಕಪ್ಪುಮೈಯ ಒಳಗೆ ಕಂದು ಬಣ್ಣದ ಮರ ಹಾಗೇ ಉಳಿದ ತುಂಡುಗಳನ್ನು ತುಂಬುವಾಗಲೇ ಆರಿಸಿ ತೆಗೆಯಬಹುದು.

ಗಂಟೆಗಳ ನಂತರ ಹೊಸದಾಗಿ ಕಟುವಾದ ಹೊಗೆ ಎದ್ದರೆ ಕಾರಣ ಇದ್ದಿಲಲ್ಲ, ತಡೆಗಲ್ಲಿನ ಮೇಲೆ ತೊಟ್ಟಿಕ್ಕಿ ಸೀಯುತ್ತಿರುವ ಕೊಬ್ಬು. ಕೊಬ್ಬು ಹಿಡಿಯುವ ತಟ್ಟೆಯನ್ನು ನೇರ ತಡೆಗಲ್ಲಿನ ಮೇಲಿಡದೆ, ಕೆಳಗೆ ಸಣ್ಣ ಬಿಲ್ಲೆಗಳನ್ನಿಟ್ಟು ಒಂದೆರಡು ಸೆಂಟಿಮೀಟರ್ ಗಾಳಿಯ ಸಂದು ಬಿಟ್ಟರೆ ಕೊಬ್ಬು ಸೀಯುವುದಿಲ್ಲ.

ಥರ್ಮಾಮೀಟರ್ ಸುಳ್ಳು ಹೇಳುತ್ತಿರಬಹುದು

ಬೆಂಕಿ ಕಣ್ಣಿಗೆ ಸರಿಯಾಗಿ ಕಂಡು ಅಂಕಿ ಮಾತ್ರ ನಂಬಲಾಗದಂತಿದ್ದರೆ ಥರ್ಮಾಮೀಟರನ್ನು ಬಿಚ್ಚಿ ಅದರ ಕಡ್ಡಿಯನ್ನು ಕುದಿಯುವ ನೀರಿನಲ್ಲಿ ಹಿಡಿಯಿರಿ. ಸಮುದ್ರಮಟ್ಟದಲ್ಲಿ 100 ಡಿಗ್ರಿ ತೋರಿಸಬೇಕು. ಎತ್ತರದ ಜಾಗಗಳಲ್ಲಿ ಪ್ರತಿ 300 ಮೀಟರಿಗೆ ಸುಮಾರು 1 ಡಿಗ್ರಿ ಕಳೆಯಿರಿ. ವ್ಯತ್ಯಾಸವಿದ್ದರೆ ಹಲವು ಮಾದರಿಗಳಲ್ಲಿ ಹಿಂಭಾಗದ ತಿರುಪನ್ನು ತಿರುಗಿಸಿ ಸರಿಪಡಿಸಬಹುದು. ಕಡ್ಡಿಯ ತುದಿ ಮಾಂಸಕ್ಕೆ ತಾಗಿದ್ದರೆ ಅದು ಗಾಳಿಯ ಬಿಸಿಯನ್ನಲ್ಲ, ಮಾಂಸದ ಬಿಸಿಯನ್ನು ಹೇಳುತ್ತದೆ. ಮುಚ್ಚಳದ ಅಂಕಿಗೂ ಅಡುಗೆ ಜಾಲರಿಯ ಮಟ್ಟದ ಬಿಸಿಗೂ ಆರಂಭದಲ್ಲಿ ಹತ್ತಿಪ್ಪತ್ತು ಡಿಗ್ರಿ ಅಂತರವಿರುವುದು ಸಹಜ, ಹೊತ್ತು ಕಳೆದಂತೆ ಅದು ಕಡಿಮೆಯಾಗುತ್ತದೆ.

ಮುಚ್ಚಳ ತೆರೆದಾಗ ಹೊರಚಿಮ್ಮುವ ಜ್ವಾಲೆ

ಇದು ಸಾಧನದ ದೋಷವಲ್ಲ, ಬಳಸುವವರ ಅವಸರದ ಫಲ. ಆದರೆ ಹುಬ್ಬು, ರೆಪ್ಪೆ, ಮುಂಗೈ ಸುಟ್ಟುಕೊಳ್ಳುವುದು ಇದರಿಂದಲೇ ಆದ್ದರಿಂದ ಬಿಡಿಸಿ ಹೇಳಬೇಕಾಗಿದೆ. ಗಾಳಿ ಸಾಲದ ಕೆಂಡ ಪೂರ್ತಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಮತ್ತಿತರ ಉರಿಯಬಲ್ಲ ಅನಿಲಗಳನ್ನು ಬಿಡುತ್ತದೆ. ಕಿಂಡಿ ಮುಚ್ಚಿದ ಬಿಸಿ ಬಾರ್ಬೆಕ್ಯೂವಿನ ಒಳಗೆ ಅವು ತುಂಬಿ ನಿಂತಿರುತ್ತವೆ, ಕೊರತೆಯಿರುವುದು ಆಮ್ಲಜನಕದ್ದು ಮಾತ್ರ. ಮುಚ್ಚಳವನ್ನು ಒಮ್ಮೆಲೇ ಎತ್ತಿದರೆ ಹೊರಗಿನ ಗಾಳಿ ನುಗ್ಗಿ ಅಷ್ಟೂ ಅನಿಲ ಒಂದೇ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ. ಬಿಸಿ 200 ಡಿಗ್ರಿ ದಾಟಿದ್ದಾಗ, ಅಥವಾ ಕಿಂಡಿಗಳನ್ನು ಇತ್ತೀಚೆಗೆ ಮುಚ್ಚಿದ್ದಾಗ, ಮೊದಲು ಕಿಂಡಿಗಳನ್ನು ತುಸು ತೆರೆದು ಒಂದು ನಿಮಿಷ ಬಿಡಿ. ಆಮೇಲೆ ಮುಚ್ಚಳವನ್ನು ನಾಲ್ಕೈದು ಸೆಂಟಿಮೀಟರ್ ಮಾತ್ರ ಎತ್ತಿ, ಮುಖವನ್ನು ದೂರವಿಟ್ಟು, ಐದಾರು ಎಣಿಸುವಷ್ಟು ಹೊತ್ತು ಹಿಡಿದು, ಇಳಿಸಿ, ಮತ್ತೆ ಹಾಗೆಯೇ ಮಾಡಿ, ನಂತರ ನಿಧಾನವಾಗಿ ತೆರೆಯಿರಿ.

ಅದೇ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಳೆ ಬಂತೆಂದು ಬಾರ್ಬೆಕ್ಯೂವನ್ನು ಗ್ಯಾರೇಜಿನೊಳಗೋ ಮುಚ್ಚಿದ ವರಾಂಡಕ್ಕೋ ಎಳೆದುಕೊಳ್ಳುವುದು ಪ್ರಾಣಾಪಾಯ. ಬಾಗಿಲು ತೆರೆದಿಟ್ಟರೆ ಸಾಕೆಂಬುದು ತಪ್ಪು ತಿಳಿವಳಿಕೆ. ಹೊರತೆಗೆದ ಬೂದಿಯೂ ಅಷ್ಟೇ ಎಚ್ಚರಿಕೆ ಬೇಡುತ್ತದೆ. ಬೂದಿ ಮುಚ್ಚಿದ ಕೆಂಡ ಒಂದು ದಿನ ಕಳೆದರೂ ಜೀವಂತವಾಗಿರಬಲ್ಲದು, ಆದ್ದರಿಂದ ಅದು ಹೋಗಬೇಕಾದದ್ದು ಮುಚ್ಚಳವಿರುವ ಲೋಹದ ಡಬ್ಬಕ್ಕೆ, ಪ್ಲಾಸ್ಟಿಕ್ ಬುಟ್ಟಿಗಲ್ಲ.

ಬಿರುಕುಗಳು

ಹೊರಮೈಯ ಹೊಳಪಿನ ಲೇಪದಲ್ಲಿ ಜೇಡರ ಬಲೆಯಂತೆ ಕಾಣುವ ನವಿರು ಗೆರೆಗಳು ಲೇಪದವೇ ಹೊರತು ಗೋಡೆಯವಲ್ಲ, ಅವುಗಳಿಂದ ಗಾಳಿ ಸೋರುವುದಿಲ್ಲ. ಬೆಂಕಿಗೂಡು ಬಿರುಕು ಬಿಡುವುದು ಸಹ ಅಪರೂಪವಲ್ಲ. ಎಲ್ಲಕ್ಕಿಂತ ಹೆಚ್ಚು ಕಾಯುವ ಭಾಗ ಅದು, ಹಿಗ್ಗಿ ಕುಗ್ಗುವುದೂ ಅದೇ. ತುಂಡುಗಳು ಸ್ಥಳದಲ್ಲೇ ನಿಂತಿದ್ದು ಜಾಲರಿ ಸಮವಾಗಿ ಕೂತಿದ್ದರೆ ಅದೇ ಬೆಂಕಿಗೂಡನ್ನು ವರ್ಷಗಟ್ಟಲೆ ಬಳಸಬಹುದು. ಹೊರಗೋಡೆಯಲ್ಲೋ ಮುಚ್ಚಳದಲ್ಲೋ ಒಳಗಿನಿಂದ ಹೊರಗಿನವರೆಗೆ ಬಿದ್ದ ಬಿರುಕು ಹಾಗಲ್ಲ. ಮೇಲೆ ಹೇಳಿದ ಹೊಗೆಯ ಪರೀಕ್ಷೆಯಲ್ಲಿ ಆ ಬಿರುಕಿನಿಂದ ಹೊಗೆ ಬಂದರೆ, ಅಥವಾ ಬೆರಳಿನಿಂದ ತಟ್ಟಿದಾಗ ಗಂಟೆಯಂಥ ನಾದದ ಬದಲು ಒಡೆದ ಮಡಕೆಯ ಬೊಕ್ಕ ಸದ್ದು ಕೇಳಿಸಿದರೆ, ಆ ಭಾಗವನ್ನು ಬದಲಿಸುವವರೆಗೆ ಬೆಂಕಿ ಹಾಕಬಾರದು.